ಡರ್‌ಪೋಕ್ ಕಾಕಾ

ನಾನು ಕಂಡವರಲ್ಲೆಲ್ಲ ಅವರಷ್ಟು ಅಂಜುವ ಮನುಷ್ಯ ಇನ್ನೊಬ್ಬರಿರಲಿಲ್ಲ. ನಾಲ್ಕು ಮೆಟ್ಟಿಲಿನ ಏಣಿ ಹತ್ತಬೇಕಾದರೂ ಮೊದಲು ಏಣಿಯ ಕಾಲು ಅಲ್ಲಾಡಿಸಿ ನೋಡುವರು. ಆಮೇಲೆ ಮೆಟ್ಟಿಲಿಗೊಂದು 'ಶರಣು' ಹೇಳುತ್ತ ಹತ್ತುವರು. ರಸ್ತೆ ದಾಟುವಾಗ ಪಕ್ಕದವರ ತೋಳು ಹಿಡಿಯುವರು. ಆ ಪಕ್ಕದವರು ಯಾರಾದರೂ ಸರಿಯೇ. ಒಮ್ಮೆ ಹುಮನಾಬಾದಿನಲ್ಲಿ ಹೈವೇ ದಾಟುವಾಗ ಡ್ಯೂಟಿಯಲ್ಲಿದ್ದ ಪೊಲೀಸನ ತೋಳನ್ನೇ ಹಿಡಿದುಬಿಟ್ಟಿದ್ದರು. ಆ ಪುಣ್ಯಾತ್ಮ ನಗುತ್ತಲೇ ಆಚೆ ದಾಟಿಸಿದ. ಕಾರ್ಖಾನೆಯಲ್ಲಿ ಅವರ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಷ್ಟೇ. ಬಾಯಲ್ಲಿ ಎಲ್ಲರಿಗೂ ಅವರು ಡರ್‌ಪೋಕ್ ಕಾಕಾ. ಅಂಜುಬುರುಕ ಕಾಕಾ. ಹಾಗೆ ಕೂಗಿದರೂ 'ಓ' ಎಂದು ತಿರುಗಿ ನೋಡುತ್ತಿದ್ದರು.

ಅವರು ತೀರಿಕೊಂಡು ಇವತ್ತಿಗೆ ಐದು ದಿನ. ಮೂರನೇ ದಿನದ ಕಾರ್ಯಕ್ಕೆ ನಾರಾಯಣಪುರಕ್ಕೆ, ಅವರ ಮನೆಗೆ ಹೋಗಿದ್ದೆ. ಅಲ್ಲಿ ಒಂದು ಮಾತು ಆಡಿ ಬಂದಿದ್ದೇನೆ. ನಾನಿನ್ನು ಕೆಲಸಕ್ಕೆ ಬರಬೇಕೋ ಬೇಡವೋ ಎಂದು ಕಾರ್ಖಾನೆಯಿಂದ ಫೋನ್ ಬರಬೇಕಾಗಿದೆ, ಇನ್ನೂ ಬಂದಿಲ್ಲ. ಫೋನು ಪಕ್ಕದಲ್ಲೇ ಇದೆ. ಅದು 'ಗುರ್' ಅಂದಾಗಲೆಲ್ಲ ಎತ್ತಿ ನೋಡುತ್ತೇನೆ. ಅಂಜಿಕೆಯಲ್ಲಿ ಸುಮ್ಮನೆ ಕೂತಿರಲಾರದೆ ಅವರ ಬಗ್ಗೆ ಬರೆಯುತ್ತಿದ್ದೇನೆ.

ನಾನು ಬೇಮಳಖೇಡದವನು. ಎಮ್ಮೆ ಕಾಯುತ್ತ ಬೆಳೆದವನು. ಮದುವೆಯಾದ ಮೇಲೆ ಹೆಂಡತಿಯ ಊರಾದ ಕಲ್ಯಾಣದಲ್ಲಿ, ಅಂದರೆ ಬಸವಕಲ್ಯಾಣದಲ್ಲಿ, ಒಂದು ಬಾಡಿಗೆ ಖೋಲಿ ಹಿಡಿದೆ. ಹುಮನಾಬಾದಿನ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಹೆಲ್ಪರನಾಗಿ ಸೇರಿದೆ. ಕಾಕಾ ನಾರಾಯಣಪುರದಿಂದ ಕಲ್ಯಾಣದ ತನಕ ಬಂದು ಅಲ್ಲಿಂದ ನಾನು ಹತ್ತುವ ಬಸ್ಸನ್ನೇ ಹತ್ತುತ್ತಿದ್ದರು. ಬಸ್ಸಿನಲ್ಲೂ ಅವರದೊಂದು ಲೆಕ್ಕಾಚಾರ. ಮುಂದೆ ಕೂತರೆ ಲಾರಿ ಗುದ್ದುತ್ತದೆ, ಹಿಂದೆ ಕೂತರೆ ಟ್ಯಾಂಕರ್ ಗುದ್ದುತ್ತದೆ. ಆದ್ದರಿಂದ ನಡುವೆ ಕೂಡುವರು, ಅದೂ ತುರ್ತು ಬಾಗಿಲಿನ ಪಕ್ಕ.

ಸಂಜೆ ವಾಪಸ್ಸು ಬರುವಾಗ ಬಸ್ಸು ಹುಮನಾಬಾದ್ ಬಿಟ್ಟು ಹೈವೇ ಹತ್ತಿತೆಂದರೆ ಅವರ ಸಂಜೆಯ ಪಾಠ ಶುರು. ಬೆರಳು ಮಡಿಚುತ್ತ ಕೇಳುವರು:

"ಹಂಗಾದ್ರ ಇವತ್ತ ನಮ್ಮನ್ನ ಮನಿಗಿ ಕಳಿಸಿದವ್ರು ಯಾರ್‌ಯಾರು?"

ಉತ್ತರವನ್ನೂ ಅವರೇ ಹೇಳುವರು. ಬಾಯ್ಲರಿನ ಹುಡುಗ ಪ್ರೆಶರ್ ಏರಿದ್ದನ್ನು ಹೊತ್ತಿಗೆ ಸರಿಯಾಗಿ ನೋಡಿದ. ಕಸ ಹೊಡೆಯುವ ಅಕ್ಕ ಎಣ್ಣೆ ಚೆಲ್ಲಿದ ಮೆಟ್ಟಿಲ ಮೇಲೆ ಯಾರೂ ಹೇಳದಿದ್ದರೂ ಮರಳು ಹಾಕಿದಳು. ಗೇಟಿನ ವಾಚ್‌ಮನ್ ಒಬ್ಬ ಡ್ರೈವರ್ ಕುಡಿದು ಬಂದದ್ದನ್ನು ಮೂಸಿ ಹಿಡಿದು ಹೊರಗೆ ನಿಲ್ಲಿಸಿದ. "ಅವ್ರಿಗೆಲ್ಲಾ ಶರಣು," ಎಂದು ಕೈ ಮುಗಿಯುವರು. ಕೊನೆಗೆ ಬಸ್ಸಿನ ಡ್ರೈವರನ ಬೆನ್ನಿಗೂ ಒಂದು ಶರಣು.

ನನಗೆ ಆಗ ಇಪ್ಪತ್ತಾರು ವರ್ಷ, ಬಿಸಿ ರಕ್ತ. "ಅವ್ರಿಗಿ ಪಗಾರ ಕೊಡ್ತಾರ್ರಿ ಕಾಕಾ. ಅವ್ರ ಕೆಲಸಾ ಅವ್ರು ಮಾಡ್ಯಾರ. ಅದ್ರಾಗೇನು ದೊಡ್ಡಸ್ತನ?" ಎಂದೆ ಒಂದು ದಿನ.

"ಮಾಡದಿದ್ರ?" ಎಂದರು.

"ಮಾಡದಿದ್ರ ಏನು?"

"ಅದನ್ನ ನೀ ವಿಚಾರ ಮಾಡಂಗಿಲ್ಲ ತಮ್ಮಾ. ನಾ ದಿನಾ ಅದನ್ನೇ ವಿಚಾರ ಮಾಡ್ತೀನಿ. ಅದಕ್ಕ ಅಂಜ್ತೀನಿ. ಅಂಜೂದಕ್ಕ ಯಾರು ಕೈ ಹಿಡದ್ರು ಅಂಬೋದು ನನಗ ನೆನಪ ಇರ್ತದ."

ಹಿಂದಿನ ಸೀಟಿನವರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನಗುವವರ ಜೊತೆ ಅವರೂ ನಕ್ಕರು. ಅವರ ಸ್ವಭಾವವೇ ಹಾಗೆ.

ಅವರ ಅಂಜಿಕೆಯ ಕಥೆಗಳು ಒಂದೆರಡಲ್ಲ. ಊಟದ ಡಬ್ಬಿಯ ಸ್ಟೀಲು ಚಮಚವನ್ನು ಕಾರ್ಖಾನೆಯೊಳಗೆ ತರುತ್ತಿರಲಿಲ್ಲ, ಎಲ್ಲಾದರೂ ಬಿದ್ದು ಕಿಡಿ ಹಾರಿದರೆ ಏನು ಗತಿ ಎಂದು. ಹಬ್ಬಕ್ಕೆ ಮಗ ಕೊಡಿಸಿದ ಟೆರಿಲಿನ್ ಅಂಗಿಯನ್ನು ಪ್ಲಾಂಟಿಗೆ ಒಂದು ದಿನವೂ ಹಾಕಲಿಲ್ಲ, ಉಜ್ಜಿದರೆ ಅದೂ ಕಿಡಿ ಹಾರಿಸುತ್ತದೆಂದು ಹತ್ತಿಯ ಅಂಗಿಯೇ ಬೇಕು. ಮೋಡ ಗುಡುಗಿದರೆ ಎಲ್ಲಿದ್ದರೂ ಕೂತುಬಿಡುವರು. ಹುಡುಗರು ಅವರ ಹಿಂದೆ ಹೋಗಿ ಖಾಲಿ ಡ್ರಮ್ಮು ಬಡಿಯುತ್ತಿದ್ದರು. ಹೆದರುವವನ ಮೇಲೆ ಕಪ್ಪೆ ಎಸೆದ ಹಾಗೆ. ಆ ಹುಡುಗರಲ್ಲಿ ನಾನೂ ಒಬ್ಬ.

ಇನ್ನು ಹಗೇವಿನ ವಿಷಯ ಹೇಳಬೇಕು. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗೆ ತೋಡಿದ ಆಳವಾದ ಗುಂಡಿಯಲ್ಲಿ ಇಡುತ್ತಿದ್ದರು. ಅದೇ ಹಗೇವು. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ತಿಂಗಳುಗಟ್ಟಲೆ ಮುಚ್ಚಿಟ್ಟ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಹಾಗೇ ಇಳಿದವನು ಮೇಲೆ ಬರುವುದಿಲ್ಲ, ಅವನನ್ನು ತರಲು ಇಳಿದವನೂ ಬರುವುದಿಲ್ಲ. ಅದಕ್ಕೇ ನಮ್ಮಜ್ಜ ಮೊದಲು ಹಗ್ಗಕ್ಕೆ ಉರಿಯುವ ದೀಪ ಕಟ್ಟಿ ಒಳಗೆ ಬಿಡುತ್ತಿದ್ದ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇನ್ನೂ ಒಂದು ದಿನ ಬಾಯಿ ತೆರೆದಿಟ್ಟು ಕಾಯಬೇಕು. ನಾನು ಚಿಕ್ಕವನಿದ್ದಾಗ ಆ ದೀಪ ಇಳಿಯುವುದನ್ನು ಉಸಿರು ಬಿಗಿಹಿಡಿದು ನೋಡಿದವನು.

ಕಾರ್ಖಾನೆ ಸೇರಿ ಎರಡೇ ತಿಂಗಳಾಗಿತ್ತು. ಸಾಲ್ವೆಂಟಿನ ಟ್ಯಾಂಕೊಂದನ್ನು ಖಾಲಿ ಮಾಡಿ ತೊಳೆಯಬೇಕಿತ್ತು. ನಾನು ಮತ್ತು ನನ್ನ ಜೊತೆಯವನೊಬ್ಬ ಇಳಿಯುವವರು. ಕಾಕಾ ಕೆಳಗೆ ನಿಂತು ಹಗ್ಗ ಹಿಡಿಯುವವರು. ಒಳಗಿನ ಗಾಳಿ ಅಳೆಯುವ ಮೀಟರ್ ಇಲ್ಲದೆ ಯಾರೂ ಇಳಿಯಕೂಡದೆಂದು ನಿಯಮ. ಆ ಮೀಟರು ಬೇರೆ ಸೆಕ್ಷನ್ನಿನಲ್ಲಿತ್ತು, ಅದನ್ನು ತರಲು ಸೂಪರ್‌ವೈಜರ್ ಸಾಹೇಬರು ಹೋಗಿದ್ದರು. ಜೊತೆಯವನಿಗೆ ಅವಸರ. "ಎಷ್ಟೊತ್ತಂತ ಕಾಯೂದು, ನಾ ಇಳಿತೀನಿ ನಡಿ," ಎನ್ನುತ್ತ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳತೊಡಗಿದ. ನನಗೆ ಅಂಜಿಕೆಯಾಯಿತು. ನನಗಾಗಿ ಅಲ್ಲ, ಅವನಿಗಾಗಿ. ಇದು ಸುಳ್ಳಲ್ಲ.

ಟ್ಯಾಂಕಿನ ಕೆಲಸವೆಂದು ಹಿಂದಿನ ದಿನವೇ ಗೊತ್ತಿತ್ತು. ಟ್ಯಾಂಕೆಂದರೆ ಕಬ್ಬಿಣದ ಹಗೇವು ಎಂದುಕೊಂಡು ನಾನು ತಯಾರಾಗಿಯೇ ಬಂದಿದ್ದೆ. ಗೇಟಿನಲ್ಲಿ ಜೇಬು ತಡವುತ್ತಾರೆ, ಉಡಿದಾರ ತಡವುವುದಿಲ್ಲ. ಅಂಗಿಯೊಳಗೆ ಉಡಿದಾರಕ್ಕೆ ಸಿಕ್ಕಿಸಿಕೊಂಡು ಒಂದು ಕಡ್ಡಿಪೆಟ್ಟಿಗೆ ತಂದಿದ್ದೆ. ಜೊತೆಯವನಿಗೆ ನಿಲ್ಲೆಂದು ಹೇಳಿ, ಏಣಿ ಹತ್ತಿ, ಟ್ಯಾಂಕಿನ ಬಾಯಿಯ ಬಳಿ ಕೂತೆ. ಕಾಗದ ಸುತ್ತಿ ಸುತಳಿಗೆ ಕಟ್ಟಿದೆ. ಒಳಗಿನಿಂದ ಸಿಹಿ ಸಿಹಿಯಾದ, ಉಗುರುಬಣ್ಣದಂಥ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕಡ್ಡಿಪೆಟ್ಟಿಗೆ ತೆಗೆದೆ. ಕಡ್ಡಿಯನ್ನೂ ತೆಗೆದೆ.

ಪೆಟ್ರೋಲಿನಂತೆ ಹೊತ್ತಿಕೊಳ್ಳುವ ಸಾಲ್ವೆಂಟಿನ ಆವಿ ತುಂಬಿದ ಟ್ಯಾಂಕಿನ ಬಾಯಲ್ಲಿ ಕೂತು ಬೆಂಕಿಕಡ್ಡಿ ಗೀರಲು ಹೊರಟಿದ್ದೆ! ಅವತ್ತು ಆ ಶೆಡ್ಡಿನಲ್ಲಿ ಏಳೆಂಟು ಜನರಿದ್ದರು. ನನ್ನ ತಲೆಯಲ್ಲಿದ್ದದ್ದು ಅಜ್ಜನ ದೀಪ ಮಾತ್ರ.

"ತಮ್ಮಾ," ಎಂದು ಮೆಲ್ಲಗೆ ಕೇಳಿಸಿತು.

ತಿರುಗಿದರೆ ಏಣಿಯ ತುದಿಯಲ್ಲಿ ಕಾಕಾ. ಆ ಏಣಿಗೆ ಹನ್ನೆರಡು ಮೆಟ್ಟಿಲು. ಅದನ್ನು ಅವರು ಅಷ್ಟು ವರ್ಷದಲ್ಲಿ ಒಮ್ಮೆಯೂ ಹತ್ತಿರಲಿಲ್ಲ. ಒಂದು ಶರಣೂ ಕೇಳಿಸದ ಹಾಗೆ ಹತ್ತಿ ಬಂದಿದ್ದರು.

"ತಮ್ಮಾ, ಇನ್ನ ಗೀರಿಲ್ಲಲ್ಲ? ಶಾಣ್ಯಾ ಇದ್ದಿ. ಗೀರಬ್ಯಾಡ. ಆ ಪೆಟ್ಟಿಗಿ ನನ್ನ ಕೈಯಾಗ ಕೊಡು. ಹಗೂರಕ. ಅವಸರಿಲ್ಲ."

ಕೂಸಿಗೆ ಹೇಳುವಂಥ ದನಿ. ಬೈದಿದ್ದರೆ, ಕೂಗಿದ್ದರೆ, ಬೆಚ್ಚಿದ ಭರದಲ್ಲಿ ನನ್ನ ಕೈ ಕಡ್ಡಿಯನ್ನು ಗೀರಿಯೇ ಬಿಡುತ್ತಿತ್ತೇನೋ. ನಾನು ಕೊಟ್ಟೆ. ಅವರು ಅದನ್ನು ಮುಷ್ಟಿಯಲ್ಲಿ ಅದುಮಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಅವರ ಹಿಂದೆ ನಾನು ಇಳಿದೆ. ಕೆಳಗೆ ಬಂದಾಗ ನೋಡಿದೆ, ಅವರ ಪ್ಯಾಂಟು ಒದ್ದೆಯಾಗಿತ್ತು. ಅಂಜಿಕೆಯಲ್ಲಿ ಉಚ್ಚೆ ಹೋಗಿತ್ತು. ಅಷ್ಟು ಅಂಜಿದವರು ಮೇಲೆ ಹತ್ತಿ ಬಂದಿದ್ದರು.

ಆಗಲೇ ಸೂಪರ್‌ವೈಜರ್ ಸಾಹೇಬರು ಮೀಟರು ಹಿಡಿದು ಬಂದರು. ಜೊತೆಯವನು ನೀರಿನ ಪೈಪು ಎಳೆಯಲು ಆಚೆ ಹೋಗಿದ್ದ. ಅವನಾಗಲಿ, ಶೆಡ್ಡಿನ ಆಚೆ ತುದಿಯಲ್ಲಿದ್ದ ಉಳಿದವರಾಗಲಿ ಏನನ್ನೂ ಕಂಡಿರಲಿಲ್ಲ. ಸಾಹೇಬರು ಕಾಕಾನ ಮುಷ್ಟಿ ನೋಡಿದರು.

"ಏನದು? ಕೈ ಬಿಚ್ಚು."

ಕಾಕಾ ಕೈ ಬಿಚ್ಚಿದರು. ಜಜ್ಜಿಹೋದ ಕಡ್ಡಿಪೆಟ್ಟಿಗೆ.

"ಯಾರದಿದು?"

ಕಾಕಾ ನನ್ನತ್ತ ನೋಡಲಿಲ್ಲ. "ನಂದೇ ಅದರಿ ಸಾಹೇಬ್ರ. ಬೀಡಿ ಚಟ. ತಪ್ಪಾತ್ರಿ."

'ಅಲ್ಲ, ನಂದು' ಎನ್ನಲು ನನಗೆ ಬೇಕಾದಷ್ಟು ಹೊತ್ತಿತ್ತು. ಕೆಲಸ ಹೋದರೆ ಖೋಲಿಯ ಬಾಡಿಗೆ ಏನು, ಮಾವನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ, ಪೊಲೀಸರನ್ನು ಕರೆದರೆ? ಇಷ್ಟೆಲ್ಲ ಒಂದೇ ಕ್ಷಣದಲ್ಲಿ ತಲೆಯಲ್ಲಿ ಸುತ್ತಿತು. ನೆಲ ನೋಡುತ್ತ ನಿಂತೆ. ಸಾಹೇಬರು ಕಾಕಾನ ಒದ್ದೆ ಪ್ಯಾಂಟು ನೋಡಿ, ಸಿಕ್ಕಿಬಿದ್ದ ಅಂಜಿಕೆಯಲ್ಲಿ ಹೀಗಾಯಿತೆಂದುಕೊಂಡರು. ಒಂದು ಗಂಟೆಯೊಳಗೆ ಅವರನ್ನು ಗೇಟಿನ ಹೊರಗೆ ಹಾಕಿದರು. ಇಡೀ ಕಾರ್ಖಾನೆ ನಕ್ಕಿತು, ಡರ್‌ಪೋಕ್ ಕಾಕಾ ಉಚ್ಚೆ ಹೊಯ್ಕೊಂಡ ಅಂತ.

ಸಂಜೆ ಶಿಫ್ಟು ಮುಗಿಸಿ ಬಂದಾಗ ಅವರು ಬಸ್‌ಸ್ಟಾಪಿನಲ್ಲೇ ಕೂತಿದ್ದರು. ನಾಲ್ಕು ತಾಸಿನಿಂದ ಅಲ್ಲೇ. ಒಬ್ಬರೇ ಬಸ್ಸು ಹತ್ತಲು ಅಂಜಿಕೆಯಂತೆ. ಬಸ್ಸಿನಲ್ಲಿ ನಾನು ಅವರ ಪಕ್ಕದಲ್ಲಿ ಕೂತೆ. ಬಸ್ಸು ಹೈವೇ ಹತ್ತಿತು.

ಆಮೇಲೆ ಅವರೇ, ಬೇರೆಯವರಿಗೆ ಕೇಳಿಸದ ಹಾಗೆ, ಕೇಳಿದರು: "ಹಗೇವಿಗಿ ದೀಪಾ ಬಿಟ್ಟಂಗ ಬಿಡಾಕತ್ತಿದ್ದಿ, ಹೌದಿಲ್ಲೊ?"

"ಹೌದ್ರಿ ಕಾಕಾ," ಎಂದೆ. ಅಳು ಬಂತು.

"ನಂಗೂ ಗೊತ್ತದ ಆ ರಿವಾಜು. ನಮ್ಮ ಮನ್ಯಾಗೂ ಹಗೇವ ಇತ್ತು. ನೀ ಒಳ್ಳೇದ ಮಾಡ್ಬೇಕಂತ ಹೋಗಿದ್ದಿ. ಆದ್ರ ಇದು ಜ್ವಾಳದ ಹಗೇವಲ್ಲ. ಇಲ್ಲಿ ದೀಪಾ ಆರೂದಿಲ್ಲ, ನಾವೇ ಆರ್ತೀವಿ."

"ನೀವ್ ಯಾಕ್ರಿ ನಂದು ಅಂದ್ರಿ?"

"ನಂಗ ಎರಡ ಎಮ್ಮಿ ಅವ. ನಿಂಗೇನದ?"

ಆಮೇಲೆ ಎಂದಿನಂತೆ ಬೆರಳು ಮಡಿಚತೊಡಗಿದರು. ಮೊದಲನೇ ಬೆರಳಿಗೇ ಅದೇ ಮೆಲುದನಿಯಲ್ಲಿ ನನ್ನ ಹೆಸರು ಹೇಳಿದರು. "ಇವತ್ತ ನಮ್ಮನ್ನ ಮನಿಗಿ ಕಳಿಸಿದವ ಇವ. ಕಡ್ಡಿ ಕೈಯಾಗಿತ್ತು. ಗೀರಬ್ಯಾಡ ಅಂದೆ, ಕೇಳ್ದ. ಹರೇದ ಹುಡುಗ್ರು ಯಾರ ಮಾತ ಕೇಳ್ತಾರ? ಇವ ಕೇಳ್ದ. ಶರಣಪಾ." ಎಲ್ಲರನ್ನೂ ಸುಡಲು ಕೂತಿದ್ದ ನನಗೆ ಅವರು ಕೈ ಮುಗಿದರು! ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆ ದಿನವೂ ಅವರ ಕಾಲು ಹಿಡಿಯಲಿಲ್ಲ. ನಾಳೆ ಹೋಗಿ ಸಾಹೇಬರಿಗೆ ಹೇಳುತ್ತೇನೆ ಎಂದೂ ಅನ್ನಲಿಲ್ಲ. ಬಾಯಿಂದ ಒಂದು ಉಪಕಾರದ ಮಾತು ಕೂಡ ಬರಲಿಲ್ಲ, ಅದನ್ನು ಆಡಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆಂಬ ಅಂಜಿಕೆ.

ಆ ನಾಳೆ ಹನ್ನೊಂದು ವರ್ಷ ಬರಲಿಲ್ಲ. ನಾನು ಹೆಲ್ಪರಿನಿಂದ ಆಪರೇಟರ್ ಆದೆ, ಆಪರೇಟರಿನಿಂದ ಶಿಫ್ಟ್ ಇನ್‌ಚಾರ್ಜ್ ಆದೆ. ಎಲ್ಲರೂ ನನ್ನನ್ನು ಭಾಳ ಹುಷಾರಿನ ಮನುಷ್ಯ ಎನ್ನುತ್ತಾರೆ. ಹುಷಾರಿಯಲ್ಲ, ಅಂಜಿಕೆ. ಅಂದಿನ ಸೂಪರ್‌ವೈಜರ್ ಸಾಹೇಬರೇ ಈಗ ಮ್ಯಾನೇಜರ್. ಅವರು ಒಳಗೆ ಕರೆದಾಗಲೆಲ್ಲ 'ಗೊತ್ತಾಯಿತೇನೋ' ಎಂದುಕೊಂಡೇ ಹೋಗುತ್ತಿದ್ದೆ. ಇನ್ನೂ ಕೆಟ್ಟದ್ದೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಹೊಸದಾಗಿ ಸೇರಿದವರಿಗೆ ಸುರಕ್ಷತೆಯ ಪಾಠ ಹೇಳುವುದು ನನ್ನ ಕೆಲಸ. ಸಾಹೇಬರು ಅದಕ್ಕೊಂದು ಕಥೆ ಸೇರಿಸಿದ್ದರು: ಹಿರಿಯ ಕೆಲಸಗಾರನೊಬ್ಬ ಬೀಡಿ ಚಟಕ್ಕಾಗಿ ಎಲ್ಲರ ಜೀವ ತೆಗೆಯುವವನಿದ್ದ ಎಂದು. ಆ ಕಥೆಯನ್ನು ಎಷ್ಟು ಸಲ ನನ್ನ ಬಾಯಿಂದಲೇ ಹೇಳಿದ್ದೇನೋ, ಲೆಕ್ಕವಿಲ್ಲ.

ನಾರಾಯಣಪುರಕ್ಕೆ ಆಗಾಗ ಹೋಗುತ್ತಿದ್ದೆ. ಕಾಕಾ ಹಳೆಯ ಗುಡಿಯ ಆಚೆ ಎಮ್ಮೆ ಮೇಯಿಸುತ್ತಿದ್ದರು. ಹುಲ್ಲಿನಲ್ಲಿ ಹಾವು ಕಂಡು ಮೊದಲು ಬುಸುಗುಟ್ಟಿ ನಿಂತಿತೆಂದು ಒಂದು ಎಮ್ಮೆಗೆ ಅವರು ಶರಣು ಹೇಳುವುದನ್ನು ಕಣ್ಣಾರೆ ಕಂಡಿದ್ದೇನೆ. "ನೀ ಬಂದಿ, ಭಾಳ ಖುಷಿ ಆತು ನೋಡು," ಎಂದು ಕೈ ಹಿಡಿದು ಮನೆಗೆ ಕರೆದೊಯ್ಯುವರು. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಆಕೆ ಬಿಸಿ ರೊಟ್ಟಿ ಬಡಿದು ಹಾಕುವರು. ಹಾಕುತ್ತಲೇ ಗಂಡನಿಗೆ ಬೈಯುವರು: "ನೆಟ್ಟಗ ಕೆಲಸಾ ಮಾಡ್ಕೋತ ಇದ್ದಿದ್ರ ಈ ವಯಸ್ಸಿನ್ಯಾಗ ಎಮ್ಮಿ ಹಿಂದ ಯಾಕ ಅಡ್ಡಾಡಬೇಕಿತ್ತು? ಬೀಡಿ ಬೇಕಿತ್ತು ಬೀಡಿ! ನಂಗೇ ತಿಳೀಲಾರದಂಗ ಸೇದ್ಯಾರ ನೋಡಪಾ."

ಕಾಕಾ ಮುಗುಳ್ನಗುವರು. ನಾನು ತಾಟು ನೋಡುತ್ತ ರೊಟ್ಟಿ ಮುರಿಯುತ್ತಿದ್ದೆ. ಒಮ್ಮೆ ದನದ ಕೊಟ್ಟಿಗೆಯಲ್ಲಿ ನಾವಿಬ್ಬರೇ ಇದ್ದಾಗ, "ಕಾಕಾ, ಕಾಕುಗಾದ್ರೂ ಹೇಳ್ತೀನ್ರಿ," ಎಂದೆ. "ಆಕಿಗಿ ಹೇಳಿದ್ರ ಊರಿಗೇ ಹೇಳ್ದಂಗ. ನಿನ್ನ ಕೆಲಸಾ ಹೋಗ್ತದ. ಬ್ಯಾಡ," ಎಂದರು. ಬೇಡವೆಂದದ್ದೇ ತಡ, ನನಗೆ ಜೀವ ಬಂದಂತಾಯಿತು. ಛೀ, ಎಂಥ ಬದುಕು.

ಹೋದ ವರ್ಷದಿಂದ ಅವರಿಗೆ ದಮ್ಮು ಹತ್ತಿತ್ತು. ಕಡೆಯ ಸಲ ನೋಡಲು ಹೋದಾಗ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ನನ್ನ ಕೈ ಹಿಡಿದು ಸುಮ್ಮನೆ ಮಲಗಿದ್ದರು. ಹೇಳಬೇಕೆಂದುಕೊಂಡು ಹೋಗಿದ್ದ ಉಪಕಾರದ ಮಾತನ್ನು ಹೇಳದೆಯೇ ಎದ್ದು ಬಂದೆ. ನಾಲ್ಕು ದಿನಕ್ಕೆ ಸುದ್ದಿ ಬಂತು.

ಮೂರನೇ ದಿನಕ್ಕೆ ಮ್ಯಾನೇಜರ್ ಸಾಹೇಬರು, "ಎಷ್ಟಂದ್ರೂ ಹಳೇ ಮನುಷ್ಯ, ನಡೀರಿ ಹೋಗಿಬರೋಣ," ಎಂದು ತಮ್ಮ ಕಾರಿನಲ್ಲೇ ನನ್ನನ್ನು ಕರೆದುಕೊಂಡು ಹೋದರು. ಅಂಗಳದಲ್ಲಿ ಜಮಖಾನೆ ಹಾಸಿತ್ತು. ಊರಿನ ಜನ ಕೂತಿದ್ದರು. ಸಾಹೇಬರು ಅಲ್ಲಿ ಕೂತರು. ನಾನು ಕಾಕುವನ್ನು ಮಾತಾಡಿಸಲು ಒಳಗೆ ಹೋದೆ.

ಕಾಕು ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಅತ್ತರು. "ಬೀಡಿನೇ ತಿಂತಪಾ ಅವ್ರ ಎದಿ," ಎಂದರು. "ದವಾಖಾನ್ಯಾಗ ಡಾಕ್ಟರ್ ಕೇಳಿದ್ರು, ಅಜ್ಜಾ ಬೀಡಿ ಸೇದ್ತೀರೇನು ಅಂತ. ಇಲ್ಲರಿ, ಒಂದ್ ದಿನಾನೂ ಸೇದಿಲ್ಲ ಅಂದ್ರು. ನಾ ಅಲ್ಲೇ ಅಂದೆ, ಸುಳ್ಳ ಹೇಳ್ತಾರ್ರಿ, ಬೀಡಿ ಸಲುವಾಗೇ ನೌಕರಿ ಕಳ್ಕೊಂಡಾರ ಅಂತ. ಮಗ, ಸೊಸಿ, ನರ್ಸು, ಎಲ್ಲಾರೂ ಇದ್ರು. ಅವ್ರು ನನ್ನ ಮಾರಿ ನೋಡಿದ್ರು. ಮತ್ತ ಮಾತಾಡಲಿಲ್ಲ."

ಹೊರಗೆ ಸಾಹೇಬರು ಯಾರೊಡನೆಯೋ ಮಾತಾಡುವ ದನಿ. ಈಗಲೂ ಎದ್ದು ಹೋಗಿಬಿಡಬಹುದಿತ್ತು. ಬೇಡವೆನ್ನುವವರು ಈಗ ಇರಲಿಲ್ಲ.

"ಕಾಕು," ಎಂದೆ, "ಅವ್ರು ಸುಳ್ಳ ಹೇಳಿಲ್ಲರಿ. ಆ ಕಡ್ಡಿಪೆಟ್ಟಿಗಿ ನಂದಿತ್ತು."

ಎಲ್ಲವನ್ನೂ ಹೇಳಿದೆ. ಹಗೇವಿನ ದೀಪ, ಟ್ಯಾಂಕು, ಅವರು ಏಣಿ ಹತ್ತಿ ಬಂದದ್ದು, ನಾನು ನೆಲ ನೋಡುತ್ತ ನಿಂತದ್ದು. ಕಾಕುವಿನ ಅಳು ನಿಂತಿತ್ತು.

"ಹನ್ನೊಂದ ವರ್ಷ," ಎಂದರು. "ಹನ್ನೊಂದ ವರ್ಷ ಅವ್ರು ಬಿಚ್ಚಿಟ್ಟ ಅಂಗಿ ದಿನಾ ಮೂಸಿ ನೋಡೀನಿ. ಒಂದ್ ದಿನಾ ವಾಸನಿ ಸಿಕ್ಕಿಲ್ಲ. ಎಷ್ಟ್ ಚಾಲಾಕ್ ಅದಾರಪಾ ಈ ಮನುಷ್ಯಾ ಅಂತ ಬೈದೀನಿ. ನೀ ನನ್ನ ಮನ್ಯಾಗ ಕುಂತು ರೊಟ್ಟಿ ತಿಂತಿದ್ದಿ. ನಾ ಬೈಯೂದು ಕೇಳ್ಕೋತ ತಿಂತಿದ್ದಿ."

"ಹೌದ್ರಿ."

ನಾನು ಅವರ ಕಾಲಿಗೆ ಬಿದ್ದೆ. ಅವರು ಕಾಲು ಹಿಂದೆಳೆದುಕೊಂಡರು.

"ನನ್ನ ಕಾಲಿಗಿ ಬಿದ್ದ್ ಏನ್ ಮಾಡ್ತಿ? ಅವ್ರ ಮಾನಾ ನಾಕ್ ಮಂದಿ ಮುಂದ ಹೋಗ್ಯದ. ನಾನೂ ನಾಕ್ ಮಂದಿ ಮುಂದೇ ತಗದೀನಿ. ನಾಕ್ ಮಂದಿ ಮುಂದ ಹೋಗಿ ಹೇಳು. ಏಳು."

ಎದ್ದೆ. ಹೊಸ್ತಿಲು ದಾಟಿ ಅಂಗಳಕ್ಕೆ ಬಂದೆ. ಸಾಹೇಬರು ಗಡಿಯಾರ ನೋಡುತ್ತ, "ಹೊರಡೋಣೇನ್ರಿ?" ಎಂದರು.

"ಒಂದ್ ಮಾತದ್ರಿ ಸಾಹೇಬ್ರ. ಅವತ್ತಿನ ಕಡ್ಡಿಪೆಟ್ಟಿಗಿ ಕಾಕಾರದಲ್ಲರಿ. ನಂದು."

ಸಾಹೇಬರು ಗಡಿಯಾರದಿಂದ ಕಣ್ಣೆತ್ತಿದರು. ಹತ್ತಿರ ಇದ್ದ ಇಬ್ಬರು ಮೂವರು ತಿರುಗಿ ನೋಡಿದರು. ಉಳಿದವರು ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು. ಬೆನ್ನ ಹಿಂದೆ ಬಾಗಿಲಲ್ಲಿ ಕಾಕು ಬಂದು ನಿಂತದ್ದು ಬಳೆ ಇಲ್ಲದ ಕೈ ಕದಕ್ಕೆ ತಾಗಿದ ಸಪ್ಪಳದಿಂದ ತಿಳಿಯಿತು.

"ಜೋರಾಗಿ ಹೇಳು," ಎಂದರು. "ಹಿಂದ ಕುಂತವ್ರಿಗಿ ಕೇಳಿಲ್ಲ."